ಊರು ಖಲಾಸ್

ಹಿಮನದಿ ಕರಗಿ ಬೆಟ್ಟದ ಮೇಲೆ ತುಂಬಿಕೊಂಡ ಕೆರೆ ಒಡೆದರೆ ಕೆಳಗಿನ ಊರುಗಳ ಗತಿಯೇನು ಅಂತ ಉಪಗ್ರಹದ ಚಿತ್ರ ನೋಡಿ ಅಂದಾಜು ಮಾಡುವುದು ನನ್ನ ಕೆಲಸ. ಅದೂ ಅಬುಧಾಬಿಯ ಮರಳಿನಲ್ಲಿ ಕೂತು!

ಅವತ್ತು ಖಾಲಿದಿಯಾದಲ್ಲಿ ಟ್ಯಾಕ್ಸಿ ಹತ್ತಿ, ಆಫೀಸಿನ ಶೆಟ್ಟರಿಗೆ ಫೋನಿನಲ್ಲಿ ಒಂದು ಊರಿನ ಹೆಸರು ಹೇಳಿ, "ಅದು ಖಲಾಸ್ ಮಾರಾಯ್ರೆ" ಅಂದೆ. ವರದಿ ಬರೆದು ಮುಗಿಯಿತು ಅನ್ನಲಿಕ್ಕೆ ನಾವು ಹಾಗೇ ಹೇಳುವುದು.

ಡ್ರೈವರ್ ಗಾಡಿಯನ್ನು ಗಕ್ಕನೆ ಬದಿಗೆ ತಂದು ನಿಲ್ಲಿಸಿದ. ತಿರುಗಿದ ಮುಖದಲ್ಲಿ ರಕ್ತವೇ ಇರಲಿಲ್ಲ.

"ಅದು ನನ್ನೂರು ಸಾಬ್! ಖಲಾಸ್ ಅಂದ್ರೆ?" ಅಂತ ಹಿಂದಿಯಲ್ಲಿ ಕೇಳಿದ.

ನಾನು ತೊದಲುವಷ್ಟರಲ್ಲಿ ಅವನು ಮನೆಗೆ ಫೋನ್ ಹಚ್ಚಿದ್ದ. "ಡ್ಯೂಟಿ ಹೊತ್ತಲ್ಲಿ ಫೋನಾ? ನಿಮಗೇನಾಯ್ತು?" ಅಂತ ಅವನ ಹೆಂಡತಿ ಗಾಬರಿಯಲ್ಲಿ ಕೂಗಿದ್ದು ನನಗೂ ಕೇಳಿಸಿತು.

ಆಮೇಲೆ ವರದಿಯ ವಿಷಯ ಬಿಡಿಸಿ ಹೇಳಿದೆ. ಅವನು ಉಸಿರು ಬಿಟ್ಟು, "ಹಾಗಾದ್ರೆ ಕೆರೆ ಒಡೆಯೋದಿಲ್ವಾ?" ಅಂದ.

"ಹಾಗಂತ ಹೇಳಲಿಕ್ಕಾಗುವುದಿಲ್ಲ ಭಾಯಿ."

"ಮತ್ತೆ ನಿಮ್ಮ ಕೆಲಸ ಹೇಗೆ ಖಲಾಸ್ ಆಯ್ತು ಸಾಬ್?"

ಗಾಡಿ ಹೊರಟ ಮೇಲೆ ಶೆಟ್ಟರಿಗೆ ಮತ್ತೆ ಫೋನ್ ಮಾಡಿದೆ. "ಮಾರಾಯ್ರೆ, ಆ ಊರು ಇನ್ನೂ ಖಲಾಸ್ ಆಗಿಲ್ಲ."