ಹೊಸ್ತಿಲಾಟ

ನಮ್ಮ ಊರಿನ ದೊಡ್ಡ ಚೆಸ್ ಚಾಂಪಿಯನ್ನರು ತೀರಿಕೊಂಡ ಮೇಲೆ ಅವರ ಶಿಷ್ಯರು ಎನ್.ಆರ್. ಕಾಲೋನಿಯಲ್ಲಿ ಒಂದು ಸ್ಮರಣೆಯ ಸಭೆ ಇಟ್ಟುಕೊಂಡಿದ್ದರು. ಹತ್ತು ಗಂಟೆಯ ಸಭೆಗೆ ನಾನು ಒಂಬತ್ತೂವರೆಗೇ ಹೋದೆ. ಕುರ್ಚಿಗಳ ಸಾಲು ಸೊಟ್ಟಗಿತ್ತು. ಸರಿಮಾಡಿ ಮುಂದೆ ಕುಳಿತೆ. ತಂದೆ ಕಲಿಸಿದ ನಾಲ್ಕು ನಡೆ ಬಿಟ್ಟರೆ ನಾನು ಚೆಸ್ ಆಟಗಾರನಲ್ಲ, ಆ ಮಹನೀಯರೊಡನೆ ಮಾತಾಡಿದವನೂ ಅಲ್ಲ. ಆದರೆ ನಮ್ಮ ಮನೆಯ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದವರು ಅವರೊಬ್ಬರೇ. ಅದನ್ನು ಕೇಳುವ ಧೈರ್ಯ ನನಗೆ ಕೊನೆಯವರೆಗೂ ಬಂದಿರಲಿಲ್ಲ.

ನಮ್ಮ ತಂದೆ ಅಕ್ಕಿಪೇಟೆಯ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಚದುರಂಗವನ್ನು ಅವರಿಗೆ ಕಲಿಸಿದ್ದು ಅವರ ಅಜ್ಜಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು. ಆ ಹಳೆಯ ಆಟದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಮುಂದೆ ಹೋಗಬೇಕು. ಈಗಿನ ಆಟದಲ್ಲಿ ಎರಡು ಮನೆ ಹೋಗಬಹುದು ಎಂದು ತಂದೆಗೆ ತಿಳಿದಿತ್ತು. ಆದರೂ ಹೋಗುತ್ತಿರಲಿಲ್ಲ.

ನಾನು ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಈ ಚಾಂಪಿಯನ್ನರು, ಆಗಿನ್ನೂ ತರುಣರು, ಒಬ್ಬರೇ ಇಪ್ಪತ್ತು ಜನರೊಡನೆ ಆಡುವ ಪ್ರದರ್ಶನ ಏರ್ಪಾಡಾಗಿತ್ತು. ತಂದೆಯೂ ಒಂದು ಹಲಗೆಯ ಮುಂದೆ ಕುಳಿತರು. ಹಿಂದೆ ನಾನು ನಿಂತಿದ್ದೆ. ಚಾಂಪಿಯನ್ನರು ಸುತ್ತು ಬರುತ್ತಾ, ನಿಂತಲ್ಲೇ ಒಂದು ನಡೆ ನಡೆಸಿ ಮುಂದಕ್ಕೆ ಹೋಗುತ್ತಿದ್ದರು. ನಾಲ್ಕನೆಯ ಸುತ್ತಿನಲ್ಲಿ ತಂದೆಯ ಹಲಗೆ ನೋಡಿ ನಿಂತರು.

"ಸಾರ್, ಮೊದಲ್ನೇ ಸಲ ಎರಡು ಮನೆ ನಡೆಸ್ಬೋದು. ಗೊತ್ತಲ್ವಾ?"

"ಗೊತ್ತಪ್ಪ. ಹೊಸ್ತಿಲು ದಾಟೋವಾಗ ಯಾರಾದ್ರೂ ಎರಡು ಹೆಜ್ಜೆ ಒಟ್ಟಿಗೆ ಇಡ್ತಾರಾ?"

ಅವರು ನಕ್ಕು ಮುಂದೆ ಹೋದರು. ಸಂಜೆಯ ಹೊತ್ತಿಗೆ ಹತ್ತೊಂಬತ್ತು ಹಲಗೆಗಳಲ್ಲಿ ಅವರು ಗೆದ್ದಿದ್ದರು. ತಂದೆಯ ಎದುರು ಮಾತ್ರ ಬಿಳಿ ರಾಜನನ್ನು ಮಲಗಿಸಿ, ಕೈಕುಲುಕಿದರು.

ಆಮೇಲೆ ಮನೆಯಲ್ಲಿ ಅಮ್ಮನಿಗೊಂದು ಆಯುಧ ಸಿಕ್ಕಿತು. "ಚಾಂಪಿಯನ್ನನ್ನ ಸೋಲ್ಸಿದೋರೇ, ಸೊಪ್ಪಿನವಳು ಬಂದಿದಾಳೆ. ಅವಳನ್ನ ಸೋಲ್ಸಿ ನೋಡೋಣ!" ತಂದೆ ಬೀಗುತ್ತಲೇ ಚೀಲ ಹಿಡಿದು ಹೊರಡುವರು.

ಆ ಹೆಮ್ಮೆ ಒಂದು ಯುಗಾದಿಯವರೆಗೆ ನಡೆಯಿತು. ಊಟಕ್ಕೆ ಬಂದ ಸೋದರಮಾವ ಹೋಳಿಗೆ ಮುರಿಯುತ್ತಾ ತಮಾಷೆಗೆ ಅಂದರು: "ಭಾವ, ಇಪ್ಪತ್ತು ಜನಾನೂ ಸೋಲ್ಸಿದ್ರೆ ಜನಕ್ಕೆ ಬೇಜಾರಾಗಲ್ವಾ? ವಯಸ್ಸಾದೋರು ಅಂತ ನಿಮಗೆ ಬಿಟ್ಟುಕೊಟ್ಟಿರ್ತಾರೆ ಬಿಡಿ."

ತಂದೆ, "ಹಾಗಂತೀಯಾ?" ಎಂದರು, ಅಷ್ಟೇ. ಊಟವಾದ ಮೇಲೆ ಕಾಯಿಗಳನ್ನು ಒರೆಸಿ, ಪೆಟ್ಟಿಗೆಗೆ ತುಂಬಿ ಅಟ್ಟಕ್ಕೆ ಹಾಕಿದರು. ಅವರು ಆಮೇಲೂ ಬಹಳ ವರ್ಷ ಬದುಕಿದ್ದರು. ಪೆಟ್ಟಿಗೆ ಕೆಳಗಿಳಿಯಲಿಲ್ಲ.

ಸಭೆಯಲ್ಲಿ ಪದಕಗಳ ಮಾತು, ವಿದೇಶದ ಪಂದ್ಯಗಳ ಮಾತು ಮುಗಿದವು. ಆಮೇಲೆ ಅವರ ಶಿಷ್ಯೆ, ಈಗ ತಾವೇ ಮಕ್ಕಳಿಗೆ ಆಟ ಕಲಿಸುವವರು, ಒಂದು ದೊಡ್ಡ ಹಲಗೆಯನ್ನು ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು.

"ನಮ್ಮ ಸಾರ್ ಹೊಸ ಮಕ್ಕಳಿಗೆ ಮೊದಲನೇ ದಿನ ಗೆದ್ದ ಆಟ ತೋರಿಸ್ತಿರ್ಲಿಲ್ಲ, ಸೋತ ಆಟ ತೋರಿಸ್ತಿದ್ರು. ಇದೇ ಆ ಆಟ," ಎಂದು ಕಾಯಿ ನಡೆಸತೊಡಗಿದರು. ಕಪ್ಪು ಕಾಲಾಳುಗಳು ಒಂದೊಂದೇ ಮನೆ ಮುಂದೆ ಬಂದವು. ನಾನು ಕುರ್ಚಿಯ ಅಂಚಿಗೆ ಸರಿದಿದ್ದೆ.

"ಚಾಮರಾಜಪೇಟೇಲಿ ಒಬ್ಬ ಯಜಮಾನರು ಹೀಗೆ ಆಡಿದ್ರಂತೆ. ಇವರಿಗೆ ಆಟ ಬರಲ್ಲ ಅಂದ್ಕೊಂಡು ನಮ್ಮ ಸಾರ್ ಸೈನ್ಯ ಎಲ್ಲ ಮುಂದಕ್ಕೋಡಿಸಿದ್ರು. ಹಿಂದೆ ಮನೆ ಖಾಲಿ. ನೋಡಿ, ಅಲ್ಲಿಗೆ ಕುದುರೆ ಬಂತು. ರಾಜನ ಮೇಲೂ ಕಣ್ಣು, ಮಂತ್ರಿ ಮೇಲೂ ಕಣ್ಣು! ನಾವೆಲ್ಲ ಇದನ್ನ ಹೊಸ್ತಿಲಾಟ ಅಂತೀವಿ. ಯಾಕೆ ಗೊತ್ತಾ?"

ಅವರು ತಂದೆಯ ಮಾತನ್ನು ಹೇಳಿದರು, ಅಕ್ಷರವೂ ತಪ್ಪದೆ. ಸಭೆ ನಕ್ಕಿತು. ನಾನು ಕನ್ನಡಕ ತೆಗೆದು ಒರೆಸಿಕೊಂಡೆ.

ಕಾಫಿಯ ಹೊತ್ತಿನಲ್ಲಿ ಅವರ ಬಳಿ ಹೋಗಿ, "ಅಮ್ಮ, ಆವತ್ತು ಅವರು ಬೇಕೂಂತ ಬಿಟ್ಟುಕೊಟ್ಟಿರಬಹುದಾ?" ಎಂದು ಕೇಳಿದೆ.

"ಬಿಟ್ಟುಕೊಡೋದಾ? ಅವರಾ? ಸ್ವಂತ ಮೊಮ್ಮಗಳು ಅತ್ತು ಕರೆದ್ರೂ ಒಂದು ಕಾಲಾಳು ಬಿಟ್ಟವರಲ್ಲ ಸಾರ್. 'ಬಿಟ್ಟುಕೊಟ್ರೆ ಎದುರು ಕೂತೋರಿಗೆ ಅವಮಾನ' ಅನ್ನೋರು." ಅವರು ನನ್ನನ್ನು ದಿಟ್ಟಿಸಿದರು. "ನೀವು..?"

"ಆ ಯಜಮಾನರ ಮಗ."

ಅವರು ಕಾಫಿ ಲೋಟ ಕೆಳಗಿಟ್ಟು ಎರಡೂ ಕೈ ಮುಗಿದರು. ನಾನೂ ಮುಗಿದೆ, ಅವರ ಹಿಂದೆ ಗೋಡೆಯ ಮೇಲಿದ್ದ ಭಾವಚಿತ್ರಕ್ಕೆ. ಗೆಲುವುಗಳಿಗೆ ಲೆಕ್ಕವಿಲ್ಲದ ಮನುಷ್ಯ ಒಬ್ಬ ಗುಮಾಸ್ತನ ಎದುರಿನ ಸೋಲನ್ನು ಜೋಪಾನ ಮಾಡಿ, ಅದನ್ನೇ ಪಾಠ ಮಾಡಿ ಹಂಚಿದ್ದರು. ತಂದೆಯ ಆಟ ಅಟ್ಟ ಸೇರಿದ್ದಾಗಲೂ ಬೇರೆಯವರ ಮಕ್ಕಳು ಅದನ್ನು ಕಲಿಯುತ್ತಿದ್ದರು.

ಮನೆಗೆ ಬಂದವನೇ ಏಣಿ ಹಾಕಿ ಪೆಟ್ಟಿಗೆ ಇಳಿಸಿದೆ. ಧೂಳು ಹೊಡೆದು, ಮಲ್ಲೇಶ್ವರದಲ್ಲಿರುವ ಸೋದರಮಾವನಿಗೆ ಫೋನ್ ಮಾಡಿದೆ. ಅವರಿಗೀಗ ಎಂಬತ್ತು ದಾಟಿದೆ, ಕಿವಿ ಮಂದ.

"ಮಾವ, ಅಪ್ಪಂಗೆ ಆ ಚಾಂಪಿಯನ್ ಬಿಟ್ಟುಕೊಟ್ಟಿರ್ಲಿಲ್ವಂತೆ. ನಿಜವಾಗ್ಲೂ ಸೋತಿದ್ರಂತೆ!" ಎಂದು ಕೂಗಿ ಹೇಳಿದೆ.

"ಇನ್ನೊಂದ್ಸಲ ಹೇಳೋ," ಎಂದರು. ಕೇಳಿಸಲಿಲ್ಲವೇನೋ ಎಂದುಕೊಂಡು ಮತ್ತೆ ಕೂಗಿ ಹೇಳಿದೆ.

"ನಾಳೆ ಬೆಳಗ್ಗೆ ಬಾರೋ," ಎಂದರು ಕೊನೆಗೆ. "ಭಾವನ ಪೆಟ್ಟಿಗೆ ತಗೊಂಡ್ ಬಾ. ನೀನೇನು, ಒಂದು ಮನೆ ನಡೆಸೋನೋ, ಎರಡು ಮನೆಯೋನೋ?"

"ಒಂದೇ, ಮಾವ."

"ಹಾಗಾದ್ರೆ ಹುಷಾರಾಗಿ ಆಡ್ಬೇಕು ನಾನು," ಎಂದರು.