ವೈದ್ಯರಿಗೆ ನಾನು ಅಂದೇ ಹೇಳದ ಮಾತು

ಮೊನ್ನೆ ಗಡಹಿಂಗ್ಲಜದ ಬಸ್ಸಿನಲ್ಲಿ ಮಾವಿನ ಹಣ್ಣಿನ ವಾಸನೆ ಬಂತು. ಅದು ಮಾವಿನ ಕಾಲವಲ್ಲ. ಮುಂದಿನ ಸೀಟಿನ ಕಾಲೇಜು ಹುಡುಗಿ ಮುಷ್ಟಿಯಲ್ಲಿ ಏನನ್ನೋ ಮುಚ್ಚಿಕೊಂಡು ಕಿಟಕಿಯತ್ತ ಉಸಿರು ಬಿಟ್ಟಳು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಇಳಿದುಹೋದಳು... ನನ್ನ ಮೈದುನನ ಅಂಗಿಗೆ ಇದೇ ವಾಸನೆ ಇರುತ್ತಿತ್ತು.

ಇಚಲಕರಂಜಿ ಪಕ್ಕದ ಕಬನೂರಿನಲ್ಲಿ ನಮ್ಮದು ಎಂಟು ಮಗ್ಗಗಳ ಶೆಡ್ಡು. ನನ್ನ ಗಂಡ ಮತ್ತು ಅವರ ಈ ತಮ್ಮ ಸೇರಿ ನಡೆಸುತ್ತಿದ್ದರು. ಹತ್ತಿಯ ಧೂಳು ಹಾರಾಡುವ ಜಾಗ. ಕಿಡಿ ಬಿದ್ದರೆ ಎಲ್ಲ ಬೂದಿ. ಬೀಡಿ ಸೇದುವವರು ರಸ್ತೆಗೆ ಹೋಗಬೇಕೆಂಬುದು ಮಾವನವರ ಕಾಲದ ಕಟ್ಟಳೆ. ಇಪ್ಪತ್ತೆರಡರ ಮೈದುನ ಅದನ್ನು ಎಂದೂ ಮುರಿಯಲಿಲ್ಲ. ಇಚಲಕರಂಜಿಯಲ್ಲಿ ಯಾರೋ ಕದ್ದುಮುಚ್ಚಿ ಮಾರುತ್ತಿದ್ದ ಪೆನ್ನಿನಂಥ ಇ-ಸಿಗರೇಟು, ಮಾವಿನ ವಾಸನೆಯ ವೇಪ್ ಒಂದನ್ನು ತಂದು ಮಗ್ಗದ ಮರೆಯಲ್ಲೇ ಎಳೆಯುತ್ತಿದ್ದ. ಒಮ್ಮೆ ನಾನು ನೋಡಿಬಿಟ್ಟೆ.

“ಇದರಾಗ ಬೆಂಕಿ ಎಲ್ಲೈತ್ರಿ ವೈನಿ? ಬರೇ ಉಗಿ. ನಿಮ್ಮ ಕುಕ್ಕರ್ ಇದಕ್ಕಿಂತ ಜೋರ್ ಬಿಡತೈತಿ,” ಎಂದು ನಕ್ಕ. “ಅಣ್ಣಗ ಹೇಳಬ್ಯಾಡ್ರಿ ಮತ್ತ.”

ಬೆಂಕಿ ಇಲ್ಲವಲ್ಲ ಎಂದು ನಾನೂ ನಕ್ಕು ಸುಮ್ಮನಾದೆ.

ಕೆಲವು ತಿಂಗಳಿಗೆ ಕೆಮ್ಮು ಶುರುವಾಯಿತು. ನಮ್ಮಲ್ಲಿ ಯಾರು ಕೆಮ್ಮಿದರೂ ಹತ್ತಿಯ ಧೂಳು ಎನ್ನುತ್ತಾರೆ. ಪಾಳಿ ಮುಗಿದ ಮೇಲೆ ಗಂಟಲಿಗೆ ಬೆಲ್ಲ ತಿನ್ನುವುದು ರೂಢಿ. ಅತ್ತೆ ಅವನಿಗೆ ಕೊಡುವ ಬೆಲ್ಲದ ತುಂಡು ದೊಡ್ಡದಾಗುತ್ತ ಹೋಯಿತು... ಒಂದು ಬೆಳಿಗ್ಗೆ ಜ್ವರ, ವಾಂತಿ, ಎರಡು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು. ಕೊಲ್ಹಾಪುರದ ಆಸ್ಪತ್ರೆಗೆ ಒಯ್ದೆವು.

ಬೀಡಿ, ಸಿಗರೇಟು ಸೇದುತ್ತಾನೆಯೇ ಎಂದು ವೈದ್ಯರು ಮರಾಠಿಯಲ್ಲಿ ಕೇಳಿದರು. ಗಂಡ ಇಲ್ಲವೆಂದು ತಲೆಯಾಡಿಸಿ ನನ್ನತ್ತ ತಿರುಗಿದರು. “ಬೀಡಿ ಮುಟ್ಟಾಂವಲ್ಲ ನಮ್ಮಾಂವ. ಹೌದಲ್ಲ?”

ಆಮ್ಲಜನಕದ ಮಾಸ್ಕಿನ ಮೇಲಿಂದ ಮೈದುನ ನನ್ನನ್ನೇ ನೋಡುತ್ತಿದ್ದ.

“ಹೌದ್ರಿ,” ಎಂದೆ.

ಮರುದಿನ ಅವನಿಗೆ ಉಸಿರಾಟದ ಯಂತ್ರ ಹಾಕಿದರು. ಆಗ ಓಡಿಹೋಗಿ ವೈದ್ಯರೊಬ್ಬರಿಗೇ ವೇಪಿನ ಮಾತು ಹೇಳಿದೆ. ಮನೆಯವರಿಗೆ ತಿಳಿಸಬೇಡಿ ಎಂದು ಕೈಮುಗಿದೆ. ಬೆಂಕಿ ಇಲ್ಲದಿದ್ದರೂ ಆ ಉಗಿಯಲ್ಲಿರುವ ರಾಸಾಯನಿಕಗಳಿಂದ ಎಳೆಯರ ಶ್ವಾಸಕೋಶ ಹೀಗೆ ಕೆಡಬಹುದು, ನಿನ್ನೆಯೇ ಗೊತ್ತಿದ್ದರೆ ಚಿಕಿತ್ಸೆ ಬೇರೆ ದಾರಿ ಹಿಡಿಯುತ್ತಿತ್ತು ಎಂದರು. ಹಾಗಾಗಿದ್ದರೆ ಉಳಿಯುತ್ತಿದ್ದನೇ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ... ಮೂರನೆಯ ದಿನ ಅವನು ಹೋದ.

ಮೂರು ವರ್ಷವಾಯಿತು. ಹತ್ತಿಯ ಧೂಳೇ ತಮ್ಮನನ್ನು ತಿಂದಿತೆಂದು ಗಂಡ ಈಗಲೂ ನಂಬಿದ್ದಾರೆ. ಓದುತ್ತಿದ್ದವನನ್ನು ಬಿಡಿಸಿ ಮಗ್ಗಕ್ಕೆ ಹಚ್ಚಿದವರು ಅವರೇ. ನಿನ್ನೆ ಊಟಕ್ಕೆ ಕೂತಾಗ ಮತ್ತೆ ಅಂದರು: “ನಾನ ಕೊಂದೆ ಅವನ್ನ.”

ನಾನು ತಾಟು ಸರಿಸಿದೆ.

“ನೀವಲ್ರಿ,” ಎಂದೆ. ಅವರು ತಲೆ ಎತ್ತಿದರು.