ಮಾಡುವ ಹಕ್ಕು, ನೋಡುವ ಹಕ್ಕು

ಸಾಲೋಟಗಿಯ ಅಬ್ದುಲಗನಿ ಅವರ ಮಗಳು ತರನ್ನುಮ ಕಂಪ್ಯೂಟರ್ ಕಲಿತದ್ದು ದೊಡ್ಡ ಕನಸು ಕಟ್ಟಿಕೊಂಡೇನಲ್ಲ. ಹತ್ತಿರದ ಇಂಡಿ ಪಟ್ಟಣದ ಕಾಲೇಜಿನಲ್ಲಿ ಬಿ.ಎಸ್ಸಿ. ಸೀಟು ತುಂಬಿಹೋಗಿದ್ದವು, ಬಿ.ಸಿ.ಎ.ಯಲ್ಲಿ ಉಳಿದಿದ್ದವು, ಸೇರಿಕೊಂಡಳು. ಓದು ಮುಗಿದ ಮೇಲೆ ಮದುವೆಯಾಗಿ ಇಂಡಿಗೇ ಬಂದಳು. ಗಂಡ ಜಾಹಿದ ಬಸ್ ಸ್ಟ್ಯಾಂಡಿನ ಹತ್ತಿರ ಪಂಪಸೆಟ್ ರಿಪೇರಿ ಅಂಗಡಿ ಇಟ್ಟಿದ್ದ. ಮಗಳು ಸಾಲಿಗೆ ಹೋಗತೊಡಗಿದ ವರ್ಷ ತರನ್ನುಮ ನಿಂಬೆ ಬೆಳೆಗಾರರ ಕಂಪನಿಯೊಂದರಲ್ಲಿ ರೈತರ ಹೆಸರು, ಊರು ಟೈಪು ಮಾಡುವ ಕೆಲಸ ಹಿಡಿದಳು.

ಆ ಕಂಪನಿ ರೈತರೇ ಕೂಡಿ ಕಟ್ಟಿದ್ದು. ಇಂಡಿಯಲ್ಲಿ ಮುಖ್ಯ ಕಚೇರಿ. ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಲ್ಲಿ ಒಂದೊಂದು ಶಾಖೆ. ವ್ಯವಹಾರ ಬೆಳೆದಂತೆ ನಾಲ್ಕೂ ಊರಿನ ಕೆಲಸ ಒಂದೇ ಕಡೆ ಕಾಣುವ ಹಾಗೆ ದೊಡ್ಡ ಸಾಫ್ಟವೇರ್ ತಂದರು. ಅದನ್ನು ನೋಡಿಕೊಳ್ಳುವವರು ಯಾರು ಅಂತ ಮ್ಯಾನೇಜರ್ ಅನಿಲಕುಮಾರ ಕೇಳಿದಾಗ ಎಲ್ಲರೂ ತಮ್ಮ ತಮ್ಮ ಚಹಾ ಕಪ್ಪಿನೊಳಗೆ ಇಣುಕಿದರು. "ನಾ ನೋಡ್ಕೋತೇನ್ರಿ ಸರ್," ಅಂದವಳು ತರನ್ನುಮ ಒಬ್ಬಳೇ. ಹಾಗೆ ಅವಳು ಅಡ್ಮಿನ್ ಆದಳು, ಅಂದರೆ ಸಾಫ್ಟವೇರಿನಲ್ಲಿ ಯಾರಿಗೆ ಯಾವ ಹಕ್ಕು ಅನ್ನುವುದನ್ನು ಹೊಂದಿಸುವವಳು.

ಕಲಿಸುವವರು ಯಾರೂ ಇರಲಿಲ್ಲ. ಒಲೆಯ ಪಕ್ಕದಲ್ಲಿ ಮೊಬೈಲ್ ಒರಗಿಸಿಟ್ಟು, ರೊಟ್ಟಿ ಬಡಿಯುತ್ತ ವಿಡಿಯೋ ನೋಡಿ ಕಲಿತಳು. ಬಟನ್ನುಗಳು ಬೇಗ ಕೈಗೆ ಹತ್ತಿದವು, ಪದಗಳು ಹತ್ತಲಿಲ್ಲ. 'ಪ್ರೊಫೈಲ್' ಅಂತ ಒಂದಿತ್ತು, 'ರೋಲ್' ಅಂತ ಇನ್ನೊಂದು. ಎರಡೂ ಕಂಪನಿಯಲ್ಲಿ ಯಾರು ಏನು ಅನ್ನುವುದನ್ನೇ ಹೇಳುತ್ತವೆ ಅಂದುಕೊಂಡಳು. ಗಂಟೆ ಅಂದರೂ ಅದೇ, ತಾಸು ಅಂದರೂ ಅದೇ ಅನ್ನುವ ಹಾಗೆ. ಆ ತಿಳಿವಳಿಕೆಯಲ್ಲೇ ಎರಡು ವರ್ಷ ಸರಾಗವಾಗಿ ನಡೆದುಹೋಯಿತು, ಯಾಕೆಂದರೆ ಅಷ್ಟರಲ್ಲಿ ಯಾರೂ ಒಂದು ಕುರ್ಚಿಯಿಂದ ಇನ್ನೊಂದಕ್ಕೆ ಹೋಗಿರಲಿಲ್ಲ.

ಈ ಸಲ ಹೋಳಿ ಮುಗಿದ ಮೇಲೆ ಮುದ್ದೇಬಿಹಾಳ ಶಾಖೆಯ ಮುಖ್ಯಸ್ಥ ರಾವಸಾಬ ಅವರು ಮೊಳಕಾಲು ಸೋತು ಕೆಲಸ ಬಿಟ್ಟರು. ಅವರ ಜಾಗಕ್ಕೆ ಅದೇ ಶಾಖೆಯ ಸುಮಂಗಲಾ ಬಂದಳು. ತೋಟದಿಂದ ತೋಟಕ್ಕೆ ಸ್ಕೂಟಿ ಮೇಲೆ ತಿರುಗಿ ಕಾಯಿ ನೋಡಿ ಬರುತ್ತಿದ್ದ ಹೆಂಗಸು. ನಾಲ್ಕು ಊರಿನೊಳಗೆ ಮುಖ್ಯಸ್ಥಳಾದ ಮೊದಲ ಹೆಣ್ಣುಮಗಳು. ತರನ್ನುಮಳಿಗೆ ಒಳಗೊಳಗೇ ಹಿಗ್ಗು. ಸಾಫ್ಟವೇರಿನಲ್ಲಿ ಸುಮಂಗಲಾಳ ಪ್ರೊಫೈಲನ್ನು 'ಶಾಖಾ ಮುಖ್ಯಸ್ಥ' ಅಂತ ಬದಲಿಸಿ, ಫೋನ್ ಮಾಡಿ ಶುಭಾಶಯ ಹೇಳಿದಳು.

ಮರುದಿನವೇ ಸುಮಂಗಲಾಳ ಫೋನು ಬಂತು. "ಮೇಡಮ್ಮರ, ನಂಗ ನನ್ನ ಹಳೇ ರೈತರಷ್ಟೇ ಕಾಣಾಕತ್ತಾರ. ಉಳಿದವರು ಒಬ್ರೂ ಕಾಣಂಗಿಲ್ಲ. ಒಪ್ಪಿಗಿ ಕೊಡೂದು ಯಾರಿಗೆ?"

ತರನ್ನುಮ ಪ್ರೊಫೈಲ್ ತೆರೆದು ಇನ್ನೊಂದಿಷ್ಟು ಹಕ್ಕಿಗೆ ಗುರುತು ಹಾಕಿದಳು. ಕಾಣಲಿಲ್ಲ. ಮತ್ತಷ್ಟು ಹಾಕಿದಳು. ಆಗಲೂ ಇಲ್ಲ. ಕೊನೆಗೆ ಆ ಪುಟದಲ್ಲಿದ್ದ ಚೌಕಗಳಿಗೆಲ್ಲ ಗುರುತು ಬಿದ್ದಿತ್ತು. ಸುಮಂಗಲಾಳ ಪರದೆ ಮಾತ್ರ ಹಾಗೇ ಇತ್ತು.

ಅತ್ತ ಮುದ್ದೇಬಿಹಾಳದ ಅಂಗಳದಲ್ಲಿ ನಿಂಬೆ ಚೀಲ ಬಿಸಿಲಿಗೆ ಬಿದ್ದಿದ್ದವು. ಶಾಖೆಯ ಒಪ್ಪಿಗೆ ಇಲ್ಲದೆ ಟೆಂಪೋ ತುಂಬುವಂತಿರಲಿಲ್ಲ. ಇಂಡಿಯಿಂದ ಅನಿಲಕುಮಾರರೇ ಒಂದೊಂದಾಗಿ ಒಪ್ಪಿಗೆ ಕೊಡಬೇಕಾಗಿ, ಸಂಜೆಗೆ ಹಸಿರು ಕಾಯಿ ಬಾಡತೊಡಗಿದವು. "ಗಂಡಸಾಗಿದ್ರ ಹಿಂಗ ಆಗ್ತಿತ್ತೇನು?" ಅಂತ ಕಟ್ಟೆಯ ಮೇಲೆ ಕೂತವರು ಸುಮಂಗಲಾಳಿಗೆ ಕೇಳಿಸುವ ಹಾಗೆಯೇ ಆಡಿಕೊಂಡರು.

ಸುಮಂಗಲಾ ಮತ್ತೆ ಫೋನ್ ಮಾಡಿದಳು. "ಹುದ್ದೆ ಕೊಟ್ಟೀರಿ, ಕಣ್ಣ ಕಟ್ಟೀರಿ. ಬ್ಯಾಡ್ರಿ ಈ ದೊಡ್ಡಸ್ತನ. ನನ್ನ ಹಳೇ ಕೆಲಸ ನನಗ ಕೊಡಿಸಿಬಿಡ್ರಿ."

ಅನಿಲಕುಮಾರರಿಗೂ ಸಾಕಾಗಿತ್ತು. "ರಾವಸಾಬರ ಹೆಸರು ಅಳಿಸಿ ಒಗೀರಿ ತರನ್ನುಮ. ಅವರ ಜಾಗಾ ಖಾಲಿ ಆದ್ರ ಎಲ್ಲಾ ತಾನಾಗೇ ಸುಮಂಗಲಾಗ ಬರ್ತೈತಿ."

ತರನ್ನುಮ ಅಳಿಸಲು ಹೋದಳು. ಹುಡುಕಿದರೂ ಆ ಬಟನ್ ಸಿಗಲಿಲ್ಲ. ಸಾಫ್ಟವೇರು ಒಬ್ಬ ನೌಕರನ ಖಾತೆಯನ್ನು ನಿಲ್ಲಿಸಲು ಬಿಡುತ್ತಿತ್ತೇ ಹೊರತು ಅಳಿಸಲು ಬಿಡುತ್ತಿರಲಿಲ್ಲ. ನಿಲ್ಲಿಸಿದಳು. ರಾವಸಾಬರಿಗೆ ಇನ್ನು ಒಳಗೆ ಬರಲು ಆಗುತ್ತಿರಲಿಲ್ಲ. ಅವರು ಮಾಡಿದ ಕೆಲಸವೆಲ್ಲ ಅವರ ಹೆಸರಲ್ಲೇ ಉಳಿಯಿತು. ಸುಮಂಗಲಾಳಿಗೆ ಮಾತ್ರ ಏನೂ ಬರಲಿಲ್ಲ.

ಆಗ ತರನ್ನುಮ ಲ್ಯಾಪ್‌ಟಾಪ್ ಮುಚ್ಚಿ, "ಸರ್, ನಾಳೆ ನಾ ಮುದ್ದೇಬಿಹಾಳಕ್ಕ ಹೋಗಿಬರ್ತೇನ್ರಿ," ಅಂದಳು.

"ಅಲ್ಲಿ ಹೋಗಿ ಏನ್ ಮಾಡ್ತೀರಿ? ಇಲ್ಲಿಂದ ಆಗಲಾರದ್ದು ಅಲ್ಲಿ ಆಗ್ತದೇನು?"

"ಗೊತ್ತಿಲ್ರಿ. ಅವರ ಮುಖಾ ನೋಡಿ ಮಾತಾಡಿ ಬರ್ತೇನಿ."

ಬೆಳಿಗ್ಗೆ ಮೊದಲ ಬಸ್ಸು ಹಿಡಿದು, ಸಿಂದಗಿಯಲ್ಲಿ ಇಳಿದು ಇನ್ನೊಂದು ಹತ್ತಿ, ತಾಳಿಕೋಟಿ ದಾಟಿ ಹೋದಳು. ಶಾಖೆಯ ಬಾಗಿಲಲ್ಲಿ ಹುಲಿಗೆವ್ವ ಎಂಬ ರೈತ ಹೆಂಗಸು ತನ್ನ ಚೀಲಗಳ ಮೇಲೆ ಒದ್ದೆ ಗೋಣಿ ಹೊದಿಸುತ್ತಿದ್ದಳು. ಒಳಗೆ ಸುಮಂಗಲಾ 'ಬರ್ರಿ' ಅಂದಳಷ್ಟೇ. ಮುಖ ಬಿಗಿದೇ ಇತ್ತು.

ತರನ್ನುಮ ಕುರ್ಚಿ ಎಳೆದುಕೊಂಡು ಅವಳ ಮಗ್ಗುಲಲ್ಲೇ ಕೂತಳು. "ಅಕ್ಕಾರ, ತಪ್ಪು ನಂದೇ ಐತಿ. ಎಲ್ಲೈತಿ ಅನ್ನೂದು ಸಿಗವಲ್ದು. ನೀವು ಎಲ್ಲಾ ಹಕ್ಕ ಇದ್ದವರು, ನಿಮಗ ಯಾಕ ಕಾಣಂಗಿಲ್ಲ?"

"ಎಲ್ಲಾ ಹಕ್ಕ ಅಂದ್ರ ಏನ್ರಿ?" ಸುಮಂಗಲಾ ಸಿಟ್ಟಿನಿಂದಲೇ ಕೇಳಿದಳು. "ರಾವಸಾಬ ಸರ್‌ಗೆ ಒಂದು ಅಕ್ಷರ ತಿದ್ದಾಕ ಬರ್ತಿರಲಿಲ್ಲ. ಬೆರಳ ತಪ್ಪಿ ಒತ್ತತೇನಿ ಅಂತ ಆ ಹಕ್ಕ ತಾವೇ ತಗಿಸಿದ್ರು. ತಿದ್ದೂದಿದ್ರ ನನಗ ಹೇಳ್ತಿದ್ರು. ಆದ್ರ ಕಾಣೂದು? ಇಡೀ ಶಾಖಾದ ರೈತರೆಲ್ಲಾ ಕಾಣ್ತಿದ್ರು ಅವರಿಗೆ."

ತರನ್ನುಮಳಿಗೆ ನೆನಪಾಯಿತು. ಆ ಹಕ್ಕನ್ನು ತೆಗೆದವಳು ಅವಳೇ. ರಾವಸಾಬರಿಗೆ ಮಾಡುವ ಹಕ್ಕು ಕಡಿಮೆ ಇತ್ತು, ಕಾಣುವುದು ಮಾತ್ರ ಎಲ್ಲ ಕಾಣುತ್ತಿತ್ತು. ಈಗ ಸುಮಂಗಲಾಳಿಗೆ ಇರುವುದು ಅದರ ತಿರುವುಮುರುವು. ಅಂದರೆ ಮಾಡುವುದು ಬೇರೆ, ನೋಡುವುದು ಬೇರೆ. ಏನು ಮಾಡಬಹುದು ಅನ್ನುವುದನ್ನು ಪ್ರೊಫೈಲ್ ಹೇಳುತ್ತಿತ್ತು. ಯಾರ ಯಾರ ಮಾಹಿತಿ ಕಣ್ಣಿಗೆ ಬೀಳಬೇಕು ಅನ್ನುವುದನ್ನು ರೋಲ್ ಹೇಳುತ್ತಿತ್ತು. ಅವಳು ಮೊದಲನೆಯದನ್ನು ಬದಲಿಸಿದ್ದಳು, ಎರಡನೆಯದನ್ನು ಮುಟ್ಟಿರಲೇ ಇಲ್ಲ. ಸಾಫ್ಟವೇರಿನ ಲೆಕ್ಕದಲ್ಲಿ ಸುಮಂಗಲಾ ಇನ್ನೂ ತೋಟ ತಿರುಗುವ ಸಿಬ್ಬಂದಿಯ ಸಾಲಿನಲ್ಲೇ ನಿಂತಿದ್ದಳು. ಪಕ್ಕದವರ ರೈತರು ಅವಳಿಗೆ ಕಾಣುವುದಾದರೂ ಹೇಗೆ?

"ಅಯ್ಯ ನನ್ನ ಪುಣ್ಯಾತ್ಮಿ! ನೀವ ಹಿಡದ್ರಿ ನೋಡ್ರಿ," ಅನ್ನುತ್ತ ತರನ್ನುಮ ಲ್ಯಾಪ್‌ಟಾಪ್ ತೆರೆದಳು. ಸುಮಂಗಲಾಳ ರೋಲನ್ನು ಮುದ್ದೇಬಿಹಾಳದ ಮುಖ್ಯಸ್ಥರ ಜಾಗಕ್ಕೆ ಏರಿಸಿದಳು. "ಈಗ ನೋಡ್ರಿ."

ಸುಮಂಗಲಾ ಪುಟವನ್ನು ಮತ್ತೆ ತೆರೆದಳು. ಹೆಸರುಗಳು ಸುರಿದುಕೊಂಡು ಬಂದವು. ಅವಳು ಬೆರಳಿನಿಂದ ಮೇಲೆ ಕೆಳಗೆ ಸರಿಸಿದಳು. ಹುಲಿಗೆವ್ವಳ ಹೆಸರಿನ ಕೆಳಗೆ ರಾವಸಾಬರು ಹಿಂದೆಂದೋ, ತಿದ್ದುವ ಹಕ್ಕು ತೆಗೆಸುವ ಮುಂಚೆ, ಬರೆದದ್ದು ಇತ್ತು: 'ಫೋನ್ ಎತ್ತುವುದಿಲ್ಲ, ಮಗ್ಗಲ ಮನೆಗೆ ಹೇಳಬೇಕು. ಹಣ್ಣು ಚಲೋ.' ಸುಮಂಗಲಾ ಅದನ್ನು ಜೋರಾಗಿ ಓದಿ ನಕ್ಕಳು. ಹಾಗೇ ಕಣ್ಣು ಒರೆಸಿಕೊಂಡಳು.

"ರಾವಸಾಬ ಸರ್ ಹೆಸರು ಅಳಿಸಿದ್ರ ಇದೆಲ್ಲಾ ಹೋಗ್ತಿತ್ತೇನ್ರಿ?"

"ಅಳಿಸಾಕ ಬಿಡಂಗಿಲ್ರಿ ಅದು. ನಾನೂ ನಿನ್ನೆನ ಕಲಿತದ್ದು."

ಒಪ್ಪಿಗೆ ಬಿತ್ತು. ಟೆಂಪೋ ತುಂಬತೊಡಗಿತು. ಹುಲಿಗೆವ್ವ ಗೋಣಿ ಹಿಂಡಿ ಮಡಚುತ್ತ, "ಆತೇನವಾ? ಇನ್ನ ದಿನಾ ಆಗ್ತದಲ್ಲಾ?" ಅಂತ ಕೇಳಿದಳು. "ಆಗ್ತದ ಯವ್ವಾ," ಅಂದಳು ಸುಮಂಗಲಾ, ಕಟ್ಟೆಯವರಿಗೂ ಕೇಳಲಿ ಅನ್ನುವ ದನಿಯಲ್ಲಿ.

ತರನ್ನುಮಳ ಕೆಲಸ ಇನ್ನೂ ಮುಗಿದಿರಲಿಲ್ಲ. ಗಾಬರಿಯಲ್ಲಿ ಹಾಕಿದ ಗುರುತುಗಳನ್ನೆಲ್ಲ ತೆಗೆಯಬೇಕಿತ್ತು. ಅದರಲ್ಲೊಂದು, ಒಂದೇ ಏಟಿಗೆ ರೈತರ ದಾಖಲೆಗಳನ್ನೇ ಅಳಿಸಿಹಾಕುವ ಹಕ್ಕು. ಅದನ್ನು ಎಲ್ಲಕ್ಕಿಂತ ಮೊದಲು ತೆಗೆದಳು. ಮಧ್ಯಾಹ್ನ ಸುಮಂಗಲಾಳ ಡಬ್ಬಿಯ ರೊಟ್ಟಿ, ಶೇಂಗಾ ಹಿಂಡಿ ಹಂಚಿಕೊಂಡು ತಿಂದು, ಒಂದೊಂದೇ ಗುರುತು ತೆಗೆಯುತ್ತ ಹೋದಳು. ಪ್ರತಿಯೊಂದಕ್ಕೂ ಸುಮಂಗಲಾ, "ಇದು ಮಾಡೂದೋ, ನೋಡೂದೋ?" ಅಂತ ಕೇಳಿದಳು. ತರನ್ನುಮಳಿಗೆ ಆ ಪ್ರಶ್ನೆಯೇ ಅಷ್ಟೂ ವಿಡಿಯೋಗಳಿಗಿಂತ ಸ್ಪಷ್ಟವಾಗಿತ್ತು.

ಇಂಡಿಗೆ ಮರಳಿ ಅವಳು ಇದ್ದದ್ದನ್ನು ಇದ್ದ ಹಾಗೆ ಅನಿಲಕುಮಾರರಿಗೆ ಹೇಳಿದಳು. "ನಂಗೂ ಎರಡೂ ಒಂದ ಅನ್ನಿಸಿತ್ತು," ಅಂದರು ಅವರು. "ಎಲ್ಲಾ ಶಾಖಾದವರನ್ನ ಒಂದ ಕಡೆ ಕೂಡಿಸಿ ಹೇಳ್ರಿ. ಬಾಗೇವಾಡಿ ಎಲ್ಲಾರಿಗೂ ಅನುಕೂಲ."

ಬಸವನ ಬಾಗೇವಾಡಿ ಶಾಖೆಯ ಗೋದಾಮಿನಲ್ಲಿ ಜಮಖಾನೆ ಹಾಸಿ ಎಲ್ಲರೂ ಕೂತರು. ಮಾಡೂದು, ನೋಡೂದು ಅಂತ ತರನ್ನುಮ ಮಾತು ಸುರುಮಾಡಿದಳು. ನಡುವೆ ಸುಮಂಗಲಾ ಎದ್ದು ತನ್ನ ಕಥೆಯನ್ನೇ ಹೇಳಿಬಿಟ್ಟಳು. ಸಿಂದಗಿಯವರೊಬ್ಬರು, ತಮಗೆ ಬೇಡದ ರೈತರೂ ಕಾಣುತ್ತಿದ್ದಾರೆ, ಅದೂ ರೋಲಿನ ತಕರಾರೇ ಇರಬೇಕು ಅಂತ ತಾವೇ ಹೇಳಿದರು. ಹೌದು, ಅದೇ ಆಗಿತ್ತು.

ಸಭೆ ಮುಗಿದ ಮೇಲೆ ಸುಮಂಗಲಾ ಲ್ಯಾಪ್‌ಟಾಪಿನ ಹತ್ತಿರ ಬಂದು ನಿಂತಳು. "ತಂಗೀ, ನೀ ಒಬ್ಬಾಕಿನ ಎಲ್ಲಿತನಾ ಓಡ್ಯಾಡ್ತಿ? ನಂಗೂ ಕಲಿಸು."

ಆವತ್ತಿನವರೆಗೆ 'ಮೇಡಮ್ಮರ' ಅನ್ನುತ್ತಿದ್ದವಳ ಬಾಯಲ್ಲಿ ತಂಗಿ ಅನ್ನಿಸಿಕೊಂಡು ತರನ್ನುಮಳಿಗೆ ಎದೆ ತುಂಬಿತು. ಅಭ್ಯಾಸಕ್ಕೆಂದೇ ಇಟ್ಟ ಸಾಫ್ಟವೇರಿನ ಇನ್ನೊಂದು ಪ್ರತಿಯನ್ನು ತೆರೆದು ಮೌಸನ್ನು ಅವಳ ಕಡೆ ಸರಿಸಿದಳು.

"ಇದು ಬರೇ ಕಲಿಯಾಕ ಇಟ್ಟದ್ದರಿ ಅಕ್ಕಾರ. ಇಲ್ಲಿ ಏನ್ ಕೆಡಿಸಿದ್ರೂ ಯಾರ ಲಿಂಬಿನೂ ಕೆಡೂದಿಲ್ಲ. ಒತ್ರಿ."

ಸುಮಂಗಲಾ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೂತು, ಕಣ್ಣಿಗೆ ಬಿದ್ದ ಮೊದಲ ಬಟನ್ ಒತ್ತಿದಳು.